ಅರ್ಧ ಹೇಳಿದ ಹಾಲು

ನೇಸರಗಿ
6 ಡಿಸೆಂಬರ್ 2025, ಶನಿವಾರ

ಪ್ರೀತಿಯ ಮಾನಂದಾ,

ನಿನಗೂ ನಮ್ಮ ಶಿವಾನಿಗೂ ಮನಸ್ಸು ತುಂಬಿ ಹರಸಿ ನಿನ್ನ ಅತ್ತೆ ಚನ್ನವ್ವ ಬರೆಯುತ್ತಿದ್ದೇನೆ. ಹೇಗಿದ್ದೀ? ಸೊಂಟದ ನೋವು ಇಳಿಯಿತೇ? ಕೂಸು ನಿನ್ನನ್ನು ಸ್ವಲ್ಪವಾದರೂ ಮಲಗಗೊಡುತ್ತದೆಯೇ? ತಲೆಗೆ ಬಟ್ಟೆ ಕಟ್ಟಿಕೋ ಎಂದರೆ ಸೆಕೆ ಎನ್ನುತ್ತೀಯಂತೆ, ನನ್ನ ಮಗ ನಿಂಗರಾಜ ಬಂದು ಹೆಂಡತಿಯ ಚಾಡಿ ಹೇಳಿದ. ಡಿಸೆಂಬರ್ ಚಳಿಯಲ್ಲಿ ತೊರಗಲ್ಲಿನಲ್ಲಿ ಅದೆಂಥ ಸೆಕೆಯೋ ನನಗೆ ಗೊತ್ತಿಲ್ಲ. ಕಿವಿಯ ಹತ್ತಿ ತೆಗೆಯಬೇಡ, ಅಳ್ವಿ ಪಾಯಸ ಬಿಡಬೇಡ. ನಲವತ್ತು ದಿನ ಬಾಣಂತಿ ಫೋನ್ ನೋಡಿದರೆ ಕಣ್ಣು ಕೆಡುತ್ತದೆಂದು ನಿಮ್ಮ ಅವ್ವ ನಿನ್ನ ಫೋನನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದಾರಲ್ಲ, ಅದು ಬಹಳ ಒಳ್ಳೆಯ ಕೆಲಸ. ಆದರೆ ಕಾಗದವನ್ನೂ ನೀನು ಓದಬಾರದಂತೆ, ಅವರೇ ಓದಿ ಹೇಳುತ್ತಾರಂತೆ. ಹಾಗಾದರೆ ಬೀಗಿತ್ತಿ ಸಿದ್ದಲಿಂಗವ್ವನವರೇ, ನಿಮಗೂ ನನ್ನ ಶರಣು. ಒಂದು ಸಾಲೂ ಬಿಡದೆ ಓದಿ. ನಡುವೆ ನಿಮ್ಮ ಬಗ್ಗೆಯೂ ಒಂದೆರಡು ಮಾತು ಬರುತ್ತವೆ, ಅಲ್ಲಿ ದನಿ ಇಳಿಸಬೇಡಿ.

ಇಲ್ಲಿ ನಾವೆಲ್ಲ ಆರಾಮ. ನಿನ್ನ ಮಾವ ದಿನಕ್ಕೆರಡು ಸಲ ಕ್ಯಾಲೆಂಡರಿನ ಮುಂದೆ ನಿಂತು ಮೊಮ್ಮಗಳು ಮನೆಗೆ ಬರುವ ತಿಂಗಳು ಎಣಿಸುತ್ತಾರೆ, ಎಣಿಸಿದಷ್ಟೂ ಅದೇ ಲೆಕ್ಕ ಬರುತ್ತದೆಂದು ಕ್ಯಾಲೆಂಡರಿನ ಮೇಲೇ ಸಿಟ್ಟು ಮಾಡುತ್ತಾರೆ. ಎರೆಹೊಲದ ಜೋಳ ಚೆನ್ನಾಗಿ ಎದ್ದಿದೆ. ಕಬ್ಬು ಕಡಿಯುವ ಗ್ಯಾಂಗು ಇನ್ನೂ ನಮ್ಮ ಕಡೆ ಬಂದಿಲ್ಲ. ಚಂದ್ರಿ ಆರಾಮವಾಗಿದ್ದಾಳೆ. ನೀನು ಹೋದ ಮೇಲೆ ಆ ಎಮ್ಮೆ ಎರಡು ದಿನ ಹಿಂಡಿ ಮುಟ್ಟಲಿಲ್ಲ, ನಿನ್ನ ನೆನಪು ಮಾಡಿಕೊಂಡಿತು ಎಂದು ಮಾವ ಊರೆಲ್ಲ ಹೇಳಿದ್ದಾರೆ. ನನಗೆ ಹಾಗೇನೂ ಕಾಣಲಿಲ್ಲ, ಹಿಂಡಿ ಹಳತಾಗಿತ್ತು. ನಾಳೆ ನಿಂಗರಾಜ ಬರುವಾಗ ಡಬ್ಬಿಯಲ್ಲಿ ಅಂಟಿನುಂಡೆ, ದೊಡ್ಡ ಬಾಟಲಿಯಲ್ಲಿ ತುಪ್ಪ ತರುತ್ತಾನೆ. ಆ ತುಪ್ಪ ಎಲ್ಲಿಂದ ಬಂತು ಎಂಬುದೇ ಈ ಪತ್ರದ ಅರ್ಧ ಕಥೆ, ಆದ್ದರಿಂದ ಅದನ್ನು ತಿನ್ನುತ್ತಲೇ ಕೇಳು.

ಸೀಮಂತದ ಕುಬಸ ಮುಗಿಸಿ ನಿನ್ನನ್ನು ತವರಿಗೆ ಕಳಿಸುವ ಹಿಂದಿನ ಸಂಜೆ ನೀನು ಹಿತ್ತಲ ಕಟ್ಟೆಯ ಮೇಲೆ ಕುಳಿತು ಅತ್ತದ್ದು ನನ್ನ ಕಣ್ಣ ಮುಂದಿನಿಂದ ಇನ್ನೂ ಸರಿದಿಲ್ಲ. “ಅತ್ತಿ, ಎರಡು ವರ್ಷ ತೂಗಿದ್ದೆಲ್ಲಾ ತಪ್ಪಾತು. ನಾ ಇನ್ನ ಈ ಕೆಲಸಕ್ಕ ಹೋಗೂದಿಲ್ಲ,” ಎಂದೆ. ನಾನು ನಿನ್ನ ತಲೆ ನೇವರಿಸಿ, ಮೊದಲು ಕೂಸು ಬರಲಿ, ಆಮೇಲೆ ನೋಡೋಣ ಎಂದು ಹೇಳಿ ಒಳಗೆ ಹೋದೆ. ಒಲೆಯ ಮೇಲೆ ಹಾಲು ಇದೆ ಎಂದು ನೆಪ ಹೇಳಿದ್ದೆ. ಒಲೆ ಹೊತ್ತಿಸಿಯೇ ಇರಲಿಲ್ಲ. ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ ಮಾನಂದಾ, ಏಕೆಂದರೆ ತಪ್ಪಿದ್ದು ಎಲ್ಲಿ ಎಂಬುದು ನನಗೆ ಆಗಲೇ ಗೊತ್ತಿತ್ತು.

ಬೀಗಿತ್ತಿಯವರು ನಿನ್ನದು ಎಮ್ಮೆ ಎಣಿಸುವ ನೌಕರಿ ಎಂದು ಯಾರಿಗೋ ಹೇಳುತ್ತಿದ್ದುದನ್ನು ಕುಬಸದ ದಿನ ಕೇಳಿಸಿಕೊಂಡಿದ್ದೇನೆ. ಅದಕ್ಕೆ ನನಗೆ ತಿಳಿದಷ್ಟನ್ನು ಅವರಿಗಾಗಿ ಇಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ನೀನು ತಿದ್ದು. ಧಾರವಾಡದ ಸಂಶೋಧನೆಯವರು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ತಾಲ್ಲೂಕಿನಲ್ಲಿ ಒಂದೊಂದು ಊರು ಆರಿಸಿಕೊಂಡರು. ಅವರೊಳಗೆ ದನದ ಡಾಕ್ಟರು ಕಲ್ಮೇಶ ಅವರು ಇದ್ದಾರೆ, ಮಣ್ಣು ಓದಿದವರು, ಮೇವು ಓದಿದವರು, ವ್ಯಾಪಾರ ಓದಿದವರು ಇದ್ದಾರೆ, ಮನುಷ್ಯರನ್ನೇ ಓದಿದ ರಂಜನಾ ಬಾಯಾರು ಇದ್ದಾರೆ. ಇಷ್ಟು ದಿನ ಇವರೆಲ್ಲ ಬೇರೆ ಬೇರೆ ಬರುತ್ತಿದ್ದರು. ಡಾಕ್ಟರು ಎಮ್ಮೆಯನ್ನು ನೋಡಿ ಹೋಗುವರು, ಮಣ್ಣಿನವರು ಹೊಲ ನೋಡಿ ಹೋಗುವರು, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಈ ಸಲ ಎಲ್ಲರೂ ಕೂಡಿ ಒಂದೇ ಊರನ್ನು ನೋಡುವುದು, ದನ ಸಾಕುವುದರಿಂದ ಮನೆಯೂ ಬದುಕಬೇಕು, ನೆಲ ನೀರು ಗಾಳಿಯೂ ಕೆಡಬಾರದು, ಅದಕ್ಕೆ ದಾರಿ ಹುಡುಕುವುದು. “ಒಂದು ಎಳಿ ಜಗ್ಗಿದ್ರ ಎಲ್ಲಾ ಅಳ್ಳಾಡತೈತಿ ಅತ್ತಿ,” ಎಂದು ನೀನು ನನಗೆ ರೊಟ್ಟಿ ಬಡಿಯುತ್ತ ತಿಳಿಸಿ ಹೇಳಿದ್ದೆ. ಆ ರೊಟ್ಟಿಯೂ ಸೀದಿತ್ತು, ಆದರೆ ಮಾತು ತಲೆಗೆ ಹೋಗಿತ್ತು.

ಸಮುದಾಯ ಭವನದ ಗೋಡೆಯ ಮೇಲೆ ನೀವು ಬಿಡಿಸಿದ ಆ ದೊಡ್ಡ ಚಿತ್ರ ನಿನಗೆ ನೆನಪಿರುತ್ತದೆ. ಮೇವಿನಿಂದ ಎಮ್ಮೆಗೆ ಒಂದು ಬಾಣ, ಎಮ್ಮೆಯಿಂದ ತಿಪ್ಪೆಗೆ ಒಂದು, ತಿಪ್ಪೆಯಿಂದ ಹೊಲಕ್ಕೆ, ಹೊಲದಿಂದ ಮತ್ತೆ ಮೇವಿಗೆ. ಎಷ್ಟು ಹೋಗುತ್ತದೋ ಅಷ್ಟು ದಪ್ಪ ಬಾಣ. ಎಮ್ಮೆ ತೇಗುವ ಗಾಳಿಗೂ ಒಂದು ಬಾಣ, ಅದರಿಂದ ಲೋಕದ ಬಿಸಿ ಏರುತ್ತದಂತೆ. ಆ ತೇಗು ಅಳೆಯಲು ಚಂದ್ರಿಯ ಮೂಗಿನ ಹತ್ತಿರ ಕೊಳವೆ, ಕೊರಳಿಗೆ ಡಬ್ಬಿ ಕಟ್ಟಿದ ದಿನ ಓಣಿಯ ಜನವೆಲ್ಲ ನಮ್ಮ ಅಂಗಳದಲ್ಲಿ ನಿಂತಿತ್ತು. ಚಂದ್ರಿ ಮದುವಣಗಿತ್ತಿಯ ಹಾಗೆ ಸುಮ್ಮನೆ ನಿಂತು, ಎಲ್ಲರೂ ತಿರುಗಿದ ಮೇಲೆ ಡಬ್ಬಿಯನ್ನು ಗೂಟಕ್ಕೆ ತಿಕ್ಕಿ ಒಡೆದಳು. “ನಾ ಉಂಡು ತೇಗಿದ್ದೂ ಬರಕೊಳ್ಳಾಕ ಬರತಾರೇನು ಕೇಳು,” ಎಂದು ನಿನ್ನ ಮಾವ ಪಡಸಾಲೆಯಿಂದ ಕೂಗಿದ್ದರು. ಈಗಲೂ ನೆನೆಸಿಕೊಂಡು ಒಬ್ಬಳೇ ನಗುತ್ತೇನೆ.

ಆ ಚಿತ್ರದಲ್ಲಿ ಮೇವಿನ ಬಾಣ ನನ್ನ ತೋಳಿನಷ್ಟು ದಪ್ಪ ಇತ್ತು, ಹಾಲಿನ ಬಾಣ ನೂಲಿನಷ್ಟು ತೆಳ್ಳಗೆ. ಎರಡಕ್ಕೂ ತಾಳೆಯಾಗಲಿಲ್ಲವೆಂದೇ ನೀನು ಅವತ್ತು ಕಟ್ಟೆಯ ಮೇಲೆ ಅತ್ತದ್ದು. ಮೇವು ತೂಗಿದವಳು ನೀನು. ಮಳೆಯಿರಲಿ ಬಿಸಿಲಿರಲಿ, ಒಣ ಜೋಳದ ಕಣಿಕೆ ಕಟ್ಟಿದ ಸೂಡುಗಳನ್ನೂ ಕಬ್ಬಿನ ಹಸಿರು ತುದಿಯನ್ನೂ ತಕ್ಕಡಿಗೆ ತೂಗುಹಾಕಿ ಬರೆದುಕೊಂಡವಳು ನೀನು. ಹಾಲು ಮಾತ್ರ ತೂಗುವ ಹಾಗಿರಲಿಲ್ಲ, ಯಾವ ಮನೆಯವರೂ ಹಿಂಡುವ ಹೊತ್ತಿಗೆ ಹೊರಗಿನವರನ್ನು ಹತ್ತಿರ ಬಿಡುವುದಿಲ್ಲ. ಅದಕ್ಕೆ ಕೇಳಿ ಬರೆದುಕೊಂಡಿರಿ. ಕೇಳಿದಾಗ ನಾವೆಲ್ಲ ಡೇರಿಗೆ ಹಾಕುವಷ್ಟನ್ನು ಮಾತ್ರ ಹೇಳಿದೆವು, ಡೇರಿಯ ಚೀಟಿಯೂ ಅಷ್ಟೇ ಹೇಳುತ್ತಿತ್ತು, ಯಾರಿಗೂ ಅನುಮಾನ ಬರಲಿಲ್ಲ. ಮನೆಗೆ ಉಳಿಯುವ ಹಾಲು, ಹೆಪ್ಪು ಹಾಕಿದ್ದು, ಬೆಣ್ಣೆ ತೆಗೆದದ್ದು, ಓಣಿಗೆ ಹಂಚಿದ ಮಜ್ಜಿಗೆ, ಇದಾವುದರ ಬಗ್ಗೆಯೂ ಬಾಯಿ ಬಿಡಲಿಲ್ಲ. ಎಮ್ಮೆ ಎಷ್ಟು ಕೊಡುತ್ತದೆ ಎಂದು ಯಾರಾದರೂ ಪೂರ್ತಿ ಹೇಳುತ್ತಾರೆಯೇ? ಹೇಳಿದ ಮರುದಿನವೇ ದೃಷ್ಟಿಯಾಗಿ ಎಮ್ಮೆ ಒದೆಯಲು ಶುರುಮಾಡುತ್ತದೆ. ಇದು ಇಲ್ಲಿಯ ರೂಢಿ, ನಿನಗೆ ಗೊತ್ತೇ ಇದೆ. ತೊರಗಲ್ಲಿನಲ್ಲೂ ಹೀಗೆಯೇ ಇರಬೇಕು. ಶಿವಾನಿಯನ್ನು ತೊಟ್ಟಿಲಿಗೆ ಹಾಕಿದ ದಿನ ನಾನು ಎತ್ತಿಕೊಂಡೆನಲ್ಲ, ಕೈಗೆ ಮೂರು ಕಿಲೋದ ಮೇಲೆಯೇ ಹತ್ತಿತು. ಬೀಗಿತ್ತಿಯವರು ಬಂದವರಿಗೆಲ್ಲ ಎರಡೂವರೆ ಎನ್ನುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡು ಒಳಗೇ ನಕ್ಕೆ.

ನಮ್ಮ ಮನೆಯಲ್ಲೇ ಇದ್ದವಳಿಗೆ ಇದು ಹೇಗೆ ತಪ್ಪಿತು ಎಂದು ನೀನು ಕೇಳಬಹುದು. ಕೆಲಸದವರು ಸ್ವಂತ ಮನೆಯ ಲೆಕ್ಕ ಬರೆಯಬಾರದು ಎಂದು ನಿಮ್ಮ ನಿಯಮ, ನಮ್ಮ ಮನೆಗೆ ಸವದತ್ತಿಯ ಸಾಗರ ಬಂದು ಬರೆದುಕೊಂಡು ಹೋಗುತ್ತಿದ್ದ. ಹಿಂಡುವವಳು ನಾನು, ಪಾತ್ರೆಗೆ ಸೆರಗು ಮುಚ್ಚಿ ನೇರ ಒಳಗೆ ಒಯ್ಯುವವಳೂ ನಾನು. ನೀನು ಬೆಳಕು ಹರಿಯುವ ಮೊದಲೇ ತಕ್ಕಡಿ ಹಿಡಿದು ಹೊರಟುಬಿಡುತ್ತಿದ್ದೆ. ಊರಿನ ಎಮ್ಮೆಗಳನ್ನೆಲ್ಲ ನೋಡಿದೆ, ದಿನಾ ಎರಡು ಹೊತ್ತು ಗಟ್ಟಿ ಮೊಸರು ಉಂಡೆ, ಅಡುಗೆಮನೆಯ ನೆಲುವಿನಲ್ಲಿ ಎಷ್ಟು ಗಡಿಗೆ ತೂಗುತ್ತಿವೆ ಎಂದು ತಲೆಯೆತ್ತಿ ಒಮ್ಮೆಯೂ ನೋಡಲಿಲ್ಲ. ಓದಿದವರ ಕಣ್ಣು ಹಾಗೆ, ದೂರದ್ದು ಚೆನ್ನಾಗಿ ಕಾಣುತ್ತದೆ. ಸಿಟ್ಟಾಗಬೇಡ, ಬಾಣಂತಿ ಸಿಟ್ಟಾಗಬಾರದು.

ನವೆಂಬರ್ ಮೊದಲ ವಾರ ಕಲ್ಮೇಶ ಡಾಕ್ಟರು, ರಂಜನಾ ಬಾಯಾರು, ಇನ್ನಿಬ್ಬರು ಬಂದರು. ಭವನಕ್ಕೆ ಕೀಲಿ ಹಾಕಿತ್ತು, ನಮ್ಮ ಪಡಸಾಲೆಯಲ್ಲೇ ಕುಳಿತರು. ಮೇವು ಇಷ್ಟು ಹೋಗಿ ಹಾಲು ಇಷ್ಟೇ ಬಂದರೆ ಈ ಕಡೆಯ ಎಮ್ಮೆಗಳಿಂದ ಗಾಳಿ ಕೆಡುವುದೇ ಹೆಚ್ಚು, ಹಾಲು ಕಡಿಮೆ, ಆದ್ದರಿಂದ ಎಮ್ಮೆ ಕಡಿಮೆ ಮಾಡಿ ಎಂದು ವರದಿ ಬರೆಯಬೇಕಾಗುತ್ತದೆ, ಇಲ್ಲವಾದರೆ ಮೇವಿನ ತೂಕವೇ ತಪ್ಪು ಎಂದು ಎರಡು ವರ್ಷದ ಕೆಲಸ ಬದಿಗಿಡಬೇಕು, ಇವೆರಡೇ ದಾರಿ ಎಂದು ಮಾತಾಡುತ್ತಿದ್ದರು. ನಾನು ಅವಲಕ್ಕಿ ಕೊಡುತ್ತಿದ್ದೆ. ಆಗ ಕಲ್ಮೇಶ ಡಾಕ್ಟರು, ಪಾಪ, ನಿನ್ನ ಮೇಲಿನ ಕನಿಕರದಿಂದಲೇ, “ಮಹಾನಂದಾ ಅವರು ಹೊಟ್ಟಿಲೆ ಇದ್ರು, ದಣದಿರತಾರ. ಎಲ್ಲೋ ತೂಕ ತಪ್ಪಿರಬೇಕು,” ಎಂದರು. ನನಗೆ ಮೈಯೆಲ್ಲ ಉರಿಯಿತು. ಏಳು ತಿಂಗಳ ಹೊಟ್ಟೆ ಹೊತ್ತು ಕೆಸರಿನಲ್ಲಿ ನಿಂತು ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಕಾದವಳು ನೀನು. ಅವಲಕ್ಕಿಯ ತಟ್ಟೆ ಕೆಳಗಿಟ್ಟು, “ನನ್ನ ಸೊಸಿ ತೂಕ ತಪ್ಪಿಲ್ರಿ ಸಾಹೇಬ್ರ. ನಾವು ಹಾಲು ಸುಳ್ಳ ಹೇಳೇವಿ,” ಎಂದುಬಿಟ್ಟೆ. ನಿನ್ನ ಮಾವನಿಗೆ ಚಹಾ ನೆತ್ತಿಗೇರಿತು. ನಾನು ರಂಜನಾ ಬಾಯಾರ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ನೆಲುವು ತೋರಿಸಿದೆ. ನಾಲ್ಕು ಗಡಿಗೆ. ಚಂದ್ರಿ ದಿನಕ್ಕೆ ಎಂಟು ಲೀಟರ್ ಕೊಡುತ್ತಾಳೆ, ಸಾಗರನಿಗೆ ನಾನು ಬರೆಸಿದ್ದು ನಾಲ್ಕು. ಅವತ್ತು ನೀನು ದಿನ ಎಣಿಸುತ್ತ ತೊರಗಲ್ಲಿನಲ್ಲಿ ಕುಳಿತಿದ್ದೆ, ಇನ್ನೂ ಹೆರಿಗೆಯಾಗಿರಲಿಲ್ಲ, ನಾನು ಏನು ಹೇಳಿಬಿಟ್ಟೆ ಎಂದು ಹೆದರಿಕೆ. ಆದರೆ ನಿನ್ನ ಹೆಸರಿಗೆ ತಪ್ಪು ಹತ್ತುವುದನ್ನು ನೋಡಿಕೊಂಡು ಇರಲು ನನ್ನಿಂದ ಆಗಲಿಲ್ಲ.

ನಾನೊಬ್ಬಳು ಹೇಳಿದರೆ ಏನಾಯಿತು, ಉಳಿದ ನಲವತ್ತು ಮನೆ? ಮರುದಿನ ಪಕ್ಕದ ಮನೆಯ ಶಟ್ಟೆವ್ವನ ಹತ್ತಿರ ಹೋದೆ. ಅವಳು ಮಾತು ಮುಗಿಯುವ ಮೊದಲೇ, “ನಿನ್ನ ಎಮ್ಮಿ ಸುದ್ದಿ ನೀ ಹೇಳ್ಕೊ, ನನ್ನ ಎಮ್ಮಿ ಹೆಸರ ಎತ್ತಬ್ಯಾಡ,” ಎಂದು ಬಾಗಿಲು ಹಾಕಿಕೊಂಡಳು. ಮೂರು ದಿನ ನನ್ನೊಡನೆ ಮಾತಿಲ್ಲ. ನೀರಿನ ನಳದ ಹತ್ತಿರ ನಾನು ಬಂದರೆ ಎಲ್ಲರೂ ಕೊಡ ಎತ್ತಿಕೊಂಡು ಹೋಗುವರು. ಅವರ ತಪ್ಪಿಲ್ಲ. ಎಮ್ಮೆಯೇ ಮನೆಯ ಜೀವ, ಅದನ್ನು ಯಾರದೋ ಚಿತ್ರದ ಬಾಣಕ್ಕಾಗಿ ದೃಷ್ಟಿಗೆ ಒಡ್ಡಲು ಯಾರಿಗೆ ಮನಸ್ಸು ಬರುತ್ತದೆ? ಹೇಳಿದವಳು ನಾನೇ ಸಂಜೆ ಚಂದ್ರಿಗೆ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದ್ದೆ.

ನಾಲ್ಕನೇ ದಿನ ಕಸ ಗುಡಿಸುವಾಗ ನನಗೆ ನಮ್ಮಪ್ಪನ ನೆನಪಾಯಿತು. ನಮ್ಮಪ್ಪ ಜಟ್ಟೆಪ್ಪ ಮುನವಳ್ಳಿಯವರು, ದನದ ದಲ್ಲಾಳಿ ಎಂದು ನಿನಗೆ ಹೇಳಿದ್ದೆನಲ್ಲ. ಸಣ್ಣವಳಿದ್ದಾಗ ನಾನು ಸಂತೆಗೆ ಅವರಿಗೆ ಬುತ್ತಿ ಒಯ್ಯುತ್ತಿದ್ದೆ. ಅಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಯಿಂದ ಹೇಳುವುದಿಲ್ಲ. ಇಬ್ಬರ ಕೈ ಮೇಲೆ ಟವೆಲ್ ಹಾಕಿ, ಒಳಗೆ ಒಬ್ಬರು ಇನ್ನೊಬ್ಬರ ಬೆರಳು ಹಿಡಿಯುತ್ತಾರೆ. ಇಷ್ಟು ಬೆರಳು ಹಿಡಿದರೆ ಇಷ್ಟು. ಸುತ್ತ ನೂರು ಜನ ನಿಂತಿದ್ದರೂ ಕೊಟ್ಟವನಿಗೆ, ಕೊಂಡವನಿಗೆ ಬಿಟ್ಟು ಮೂರನೆಯವರಿಗೆ ತಿಳಿಯುವುದಿಲ್ಲ. ಬಾಯಿಯಿಂದ ಬೀಳದ ಅಂಕಿಗೆ ಯಾರ ಕಣ್ಣು ಹೇಗೆ ಹತ್ತೀತು? ಕಸಬರಿಗೆ ಅಲ್ಲೇ ಬಿಸಾಕಿ ಹೋಗಿ ಶಟ್ಟೆವ್ವನ ಬಾಗಿಲು ಬಡಿದೆ. ಬಾಗಿಲ ಈಚೆಯಿಂದಲೇ ಎಲ್ಲ ಹೇಳಿದೆ. ಅವಳು ಅಗಳಿ ತೆಗೆದು, ಟವೆಲ್ ಮಾತ್ರ ತನ್ನದೇ ಆಗಬೇಕು ಎಂದಳು.

ಆ ಸೋಮವಾರ, ಬಸವಣ್ಣನ ವಾರ, ಎತ್ತು ಹೂಡುವ ದಿನವಲ್ಲವಾದ್ದರಿಂದ ಎಲ್ಲರಿಗೂ ಬಿಡುವಿತ್ತು. ಡೇರಿಯ ಕೋಣೆಯಲ್ಲಿ ರಂಜನಾ ಬಾಯಾರನ್ನು ಚಾಪೆಯ ಮೇಲೆ ಕೂರಿಸಿ ನಾನು ಪಕ್ಕದಲ್ಲಿ ಕುಳಿತು ಲೆಕ್ಕ ಕಲಿಸಿದೆ. ಒಂದು ಬೆರಳಿಗೆ ಒಂದು ಲೀಟರ್, ಮುಂಗೈ ಹಿಡಿದರೆ ಐದು, ಆಮೇಲೆ ಮತ್ತೆ ಬೆರಳು ಕೂಡಿಸುವುದು, ನಡುವಿನ ಗೆಣ್ಣು ಮಡಚಿದರೆ ಅರ್ಧ. ಒಬ್ಬೊಬ್ಬರೇ ಒಳಗೆ ಬಂದರು. ಹೆಸರು ಬರೆಯುವಂತಿಲ್ಲ, ಮನೆಗೊಂದು ಗುಟ್ಟಿನ ಗುರುತು, ಮುಂದೆ ಅಂಕಿ ಮಾತ್ರ. ಬಾಯಾರ ಕೈ ಮಧ್ಯಾಹ್ನದ ಹೊತ್ತಿಗೆ ಬೆಣ್ಣೆ, ಎಣ್ಣೆ, ಅರಿಸಿನ ಎಲ್ಲ ಹತ್ತಿ ಹಬ್ಬದ ದಿನದ ಕೈ ಆಗಿತ್ತು. ಒಬ್ಬಳು ಮುಂಗೈ ಹಿಡಿದು ಮೇಲೆ ನಾಲ್ಕು ಬೆರಳು ಒತ್ತಿದಾಗ ಬಾಯಾರು ಕಣ್ಣು ಅಗಲ ಮಾಡಿ ಅವಳ ಮುಖ ನೋಡಿದರು. ನಾನು ತಡೆಯಲಾರದೆ, “ಬಾಯಾರ, ಮಾರಿ ಮ್ಯಾಲ ತೋರಸಬ್ಯಾಡ್ರಿ,” ಎಂದು ಗದರಿಸಿದೆ. ಇಷ್ಟೆಲ್ಲ ಓದಿದವರು, ಮುಖ ಗಟ್ಟಿ ಇಟ್ಟುಕೊಳ್ಳುವುದನ್ನು ಮಾತ್ರ ಯಾರೂ ಅವರಿಗೆ ಕಲಿಸಿರಲಿಲ್ಲ. ಸಂಜೆಗೆ ಕಲಿತರು. ನಮ್ಮಪ್ಪ ಇದ್ದಿದ್ದರೆ ಅವರನ್ನು ಸಂತೆಗೆ ಕರೆದುಕೊಂಡು ಹೋಗುತ್ತಿದ್ದರು.

ಆದರೆ ಕಲ್ಮೇಶ ಡಾಕ್ಟರು ಬೆರಳು ಹಿಡಿದದ್ದನ್ನು ವರದಿಯಲ್ಲಿ ಹೇಗೆ ಬರೆಯಲಿ ಎಂದು ತಲೆ ಕೆರೆದುಕೊಂಡರು. ಒಮ್ಮೆ ಟವೆಲ್ ಕೆಳಗೆ ನಿಜ ಹೇಳಿದ ಮೇಲೆ ಹೆಂಗಸರಿಗೂ ಸ್ವಲ್ಪ ಧೈರ್ಯ ಬಂದಿತ್ತು. ಹನ್ನೆರಡು ಮನೆಯವರು ಮುಂದೆ ಬಂದರು. ಅಳತೆಯ ಗುರುತಿದ್ದ ಮುಚ್ಚಳದ ಕ್ಯಾನು ಕೊಟ್ಟರು, ಪ್ರತಿ ಮನೆಯಲ್ಲೂ ಪರದೆಯ ಹಿಂದೆ ಅವರೇ ಹಿಂಡಿ, ಅವರೇ ಅಳೆದು, ಅದೇ ಗುರುತಿನ ಚೀಟಿ ಮಡಚಿ ಡಬ್ಬಿಗೆ ಹಾಕುವುದು. ಹದಿನೈದು ದಿನ ಹೀಗೆ ನಡೆಯಿತು. ಈ ನಡುವೆಯೇ ನಿನಗೆ ಹೆರಿಗೆಯಾಯಿತು, ಕೂಸೂ ತಾಯಿಯೂ ಕ್ಷೇಮ ಎಂದು ನಿಂಗರಾಜ ಫೋನ್ ಮಾಡಿದಾಗ ನಾನು ಕೊಟ್ಟಿಗೆಯಲ್ಲೇ ಕುಳಿತು ಗಟ್ಟಿಯಾಗಿ ಅತ್ತೆ. ತೊಟ್ಟಿಲಿನ ದಿನ ತೊರಗಲ್ಲಿಗೆ ಬಂದಾಗ ಇದೆಲ್ಲ ನಿನಗೆ ಹೇಳಲು ನಾಲಿಗೆ ತುದಿಗೆ ಬಂದಿತ್ತು. ಆದರೆ ಮನೆ ತುಂಬ ಜನ, ಮೇಲೆ ಲೆಕ್ಕ ಇನ್ನೂ ಮುಗಿದಿರಲಿಲ್ಲ. ಆಸೆ ಹಚ್ಚಿ ಆಮೇಲೆ ಮತ್ತೆ ತಪ್ಪಿದರೆ ನಿನ್ನ ಮುಖ ಹೇಗೆ ನೋಡಲಿ ಎಂದು ಸುಮ್ಮನೆ ಬಂದೆ.

ಮೊನ್ನೆ ಗುರುವಾರ ರಂಜನಾ ಬಾಯಾರು ಬೈಲಹೊಂಗಲದ ಬಸ್ಸಿನಿಂದ ಇಳಿದು ಓಣಿಯಲ್ಲಿ ಓಡುತ್ತಲೇ ಬಂದರು. ಬೆರಳಿನ ಲೆಕ್ಕಕ್ಕೂ ಕ್ಯಾನಿನ ಲೆಕ್ಕಕ್ಕೂ ಹೆಚ್ಚು ಕಡಿಮೆ ಇಲ್ಲ. ಒಂದೇ ಮನೆಯದು ಹೊಂದಲಿಲ್ಲ. ಶಟ್ಟೆವ್ವನದು. ಇಷ್ಟು ದಿನ ಅರ್ಧ ಹೇಳುತ್ತಿದ್ದವಳು, ಕೇಳುವವರು ಯಾರೂ ಇಲ್ಲ ಎಂದು ಗೊತ್ತಾದ ಕೂಡಲೇ ಟವೆಲ್ ಕೆಳಗೆ ಒಂದೂವರೆ ಪಟ್ಟು ಹೇಳಿದ್ದಳು. ಹೊಸ ಟವೆಲ್ ಬೇರೆ. ಕೇಳಿದರೆ, ಬೆರಳು ಜಾರಿತು ಎಂದಳು. ಅದಿರಲಿ ಮಾನಂದಾ, ಮುಖ್ಯ ಮಾತು ಕೇಳು. ಈ ನಿಜವಾದ ಹಾಲನ್ನು ನಿನ್ನ ಮೇವಿನ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಸರಿಯಾಗಿ ಕೂಡಿದವು. ಎರಡು ವರ್ಷದಲ್ಲಿ ನೀನು ಒಂದು ಸೂಡೂ ತಪ್ಪು ತೂಗಿಲ್ಲ. ಕಲ್ಮೇಶ ಡಾಕ್ಟರು ಫೋನಿನಲ್ಲಿ ನನ್ನ ಹತ್ತಿರ ಎರಡು ಸಲ ಕ್ಷಮೆ ಕೇಳಿದರು. ನನ್ನನ್ನಲ್ಲ, ಅವಳನ್ನು ಕೇಳಿ ಎಂದೆ. ಎಮ್ಮೆ ಕಡಿಮೆ ಮಾಡಿ ಎಂಬ ಮಾತು ವರದಿಯಿಂದ ಹೋಯಿತು. ಒಂದು ಲೀಟರ್ ಹಾಲಿಗೆ ಇಷ್ಟು ಎಂದು ಎಮ್ಮೆಯ ತೇಗಿನ ಮೇಲೆ ಹೊರಿಸಿದ್ದ ಅಪವಾದ ಅರ್ಧಕ್ಕರ್ಧ ಇಳಿಯಿತು. ಆದರೆ ತಿಪ್ಪೆಯನ್ನು ಹಾಗೆ ಬಯಲಲ್ಲಿ ಬಿಡಬಾರದು, ಮುಚ್ಚಬೇಕು, ಅದರದ್ದು ನಿಜವಾಗಿಯೂ ತಪ್ಪಿದೆಯಂತೆ. ನಿನ್ನ ಮಾವ ನಿನ್ನೆಯೇ ಗುಂಡಿ ತೋಡಲು ಗುರುತು ಹಾಕಿದರು, ನನ್ನ ಕರಿಬೇವಿನ ಗಿಡದ ಬುಡದಲ್ಲೇ. ಜಗಳ ನಡೆದಿದೆ.

ಇನ್ನೂ ಒಂದು ಸಂತೋಷದ ಸುದ್ದಿ. ಗೋಡೆಯ ಚಿತ್ರಕ್ಕೆ ಒಂದು ಹೊಸ ಬಾಣ ಬಂದಿದೆ, ಮಜ್ಜಿಗೆಯದು. ಎಮ್ಮೆಯಿಲ್ಲದ ಮನೆಗಳಿಗೆ ನಾವು ದಿನಾ ಕೊಡುವ ಮಜ್ಜಿಗೆಯನ್ನು ಬಾಯಾರು ಹಿಂಬಾಲಿಸಿಕೊಂಡು ಹೋದರು. ಹೋಗಿ ನೋಡಿದರೆ ಅದು ವಾಪಸ್ಸು ಬರುತ್ತದೆ. ಕೆಳಗಿನ ಓಣಿಯ ರಾಯವ್ವ ಕಳೆ ತೆಗೆಯಲು ಹೋದಾಗಲೆಲ್ಲ ಒಂದು ಹೊರೆ ಹುಲ್ಲು ತಂದು ಚಂದ್ರಿಯ ಮುಂದೆ ಹಾಕಿ ಹೋಗುತ್ತಾಳಲ್ಲ, ನಾವು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮಜ್ಜಿಗೆ ಕೊಟ್ಟಿದ್ದಕ್ಕೆ ಹುಲ್ಲು ತರುತ್ತೀಯಾ ಎಂದು ಬಾಯಾರು ಕೇಳಿದರೆ ರಾಯವ್ವನಿಗೆ ನಗು ಬಂತು. “ಹಂಗಲ್ರಿ. ಖಾಲಿ ತಂಬಗಿ ಹೆಂಗ ತಿರಗಿ ಕೊಡೂದು ಅಂತ ತರತೇನಿ,” ಎಂದಳು. ಇಂಥ ಮೂವತ್ತು ಮನೆ, ದಿನಾ ಮೂವತ್ತು ಹೊರೆ. ಎಲ್ಲ ಓದಿದವರೂ ಗೋಡೆಯ ಮುಂದೆ ನಿಂತು ಆ ಬಾಣವನ್ನೇ ನೋಡುತ್ತಿದ್ದರು. ಇದು ತಮಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ ಎಂದರು ಕಲ್ಮೇಶ ಡಾಕ್ಟರು. ಅದು ನಿನ್ನ ಮೇವಿನ ತೂಕದಿಂದಲೇ ಸಿಕ್ಕಿದ್ದು, ನೀನು ಆ ಹೊರೆಗಳನ್ನೂ ಬಿಡದೆ ತೂಗಿದ್ದೆ, ಎಲ್ಲಿಂದ ಬಂತು ಎಂಬುದಷ್ಟೇ ಬರೆದಿರಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಆ ದಿನ ಹುಗ್ಗಿ ಮಾಡಿ ಓಣಿಗೆಲ್ಲ ಕೊಟ್ಟೆ, ಶಟ್ಟೆವ್ವನಿಗೆ ಎರಡು ಬಟ್ಟಲು.

ಬೀಗಿತ್ತಿಯವರೇ, ಇಷ್ಟುದ್ದ ಓದಿ ನಿಮ್ಮ ಗಂಟಲು ಒಣಗಿರಬೇಕು, ಅಂಟಿನುಂಡೆ ನಿಮಗೂ ಇವೆ. ಬೀಗರಿಗೆ ನಮ್ಮಿಬ್ಬರ ಶರಣು ತಿಳಿಸಿ. ಮಾನಂದಾ, ಹೊಟ್ಟೆ ತುಂಬ ಉಣ್ಣು, ಬೆನ್ನಿಗೆ ಎಣ್ಣೆ ಹಚ್ಚಿಸಿಕೋ. ಶಿವಾನಿಯ ಅಂಗಾಲಿಗೆ ಅಜ್ಜಿಯ ಮುತ್ತು ಕೊಡು, ಕೆನ್ನೆಗೆ ಬೇಡ, ಸಣ್ಣ ಕೂಸು. ಬಸವಣ್ಣ ನಿಮ್ಮಿಬ್ಬರನ್ನೂ ಸದಾ ನಗುನಗುತ್ತ ಇಡಲಿ.

ನಿನ್ನ ಅತ್ತೆ,
ಚನ್ನವ್ವ

ತಾ.ಕ.: ರವಿವಾರ ಬೆಳಿಗ್ಗೆ. ನಿಂಗರಾಜ ಗಾಡಿ ಚಾಲು ಮಾಡಿ ಹಾರ್ನ್ ಹೊಡೆಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಬೀಗಿತ್ತಿಯವರೇ, ಇಷ್ಟನ್ನು ಮಾತ್ರ ಕಾಗದ ಅವಳ ಕೈಗೇ ಕೊಟ್ಟು ಓದಿಸಿ, ನಾಲ್ಕು ಸಾಲಿಗೆ ಕಣ್ಣು ಕೆಡುವುದಿಲ್ಲ. ಮಾನಂದಾ, ಹಾಲು ಅರ್ಧ ಹೇಳಿದ್ದು ರೂಢಿ ಎಂದು ಮೇಲೆ ಬರೆದು ಜಾರಿಕೊಂಡೆ. ಪೂರ್ತಿ ಹಾಗಲ್ಲ. ಸಾಗರ ಬರೆದುಕೊಳ್ಳಲು ಬಂದ ಮೊದಲ ದಿನವೇ, ಎಲ್ಲರೂ ಅರ್ಧ ಹೇಳಿ ಎಂದು ಮನೆಮನೆಗೆ ಹೋಗಿ ಹೇಳಿಬಂದವಳು ನಾನು. ಮೂರು ವರ್ಷದ ಹಿಂದೆ ಶ್ರಾವಣದಲ್ಲಿ ನೀರಿನ ನಳದ ಹತ್ತಿರ ನಿಂತು, ನಮ್ಮ ಎಮ್ಮೆ ಎಂಟು ಲೀಟರ್ ಕೊಡುತ್ತದೆ, ನಮ್ಮ ಸೊಸೆಗೆ ಮೂರು ತಿಂಗಳು ಎಂದು ಒಂದೇ ಉಸಿರಿನಲ್ಲಿ ಎಲ್ಲರೆದುರು ಹೇಳಿ ಬೀಗಿದ್ದೆ. ಹದಿನೈದು ದಿನದಲ್ಲಿ ಚಂದ್ರಿಗೆ ಕೆಚ್ಚಲು ಬಾವು ಬಂತು, ನಿನಗೆ ಆ ಕೂಸು ಉಳಿಯಲಿಲ್ಲ. ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಹೇಳಿದರು. ನನ್ನ ಬಾಯಿಯದೇ ತಪ್ಪು ಎಂದು ನನ್ನ ಮನಸ್ಸು ಹಿಡಿದು ಕುಳಿತಿತು. ಅಂದಿನಿಂದ ಹಾಲು, ಬೆಳೆ, ನಗು ಎಲ್ಲವನ್ನೂ ಅರ್ಧ ಹೇಳಿದೆ. ಈ ಸಲ ನಿನಗೆ ಐದು ತಿಂಗಳಾದಾಗ ಓಣಿಗೆ ಮೂರು ಎಂದಿದ್ದೆ. ನಿನ್ನನ್ನು ಕಾಯಲೆಂದು ಹೇಳಿದ ಸುಳ್ಳೇ ನಿನ್ನನ್ನು ಕಟ್ಟೆಯ ಮೇಲೆ ಕೂರಿಸಿ ಅಳಿಸಿತು. ತಪ್ಪಾಯಿತು ಮಗಳೇ.

ಇನ್ನೊಂದು. ಬಾಯಾರು ಕೇಳಿದರು, ಮುಂದಿನ ಮೂರು ವರ್ಷದ ಕೆಲಸದಲ್ಲಿ ನಾಲ್ಕೂ ತಾಲ್ಲೂಕಿಗೆ ನೀನೇ ಮುಂದೆ ನಿಲ್ಲಬೇಕಂತೆ. ಜನವರಿ ಒಂಬತ್ತಕ್ಕೆ ಧಾರವಾಡದ ಸಭೆಯಲ್ಲಿ ಈ ಲೆಕ್ಕವನ್ನು ನೀನೇ ಎದ್ದು ಹೇಳಬೇಕಂತೆ. ನೀನು ಕೆಲಸ ಬಿಟ್ಟವಳು, ಕೇಳಿ ಹೇಳುತ್ತೇನೆ ಎನ್ನಬೇಕಿತ್ತು. ಬರುತ್ತಾಳೆ ಎಂದುಬಿಟ್ಟೆ. ಅಂದಿಗೆ ಕೂಸಿಗೆ ಐವತ್ತಾರು ದಿನ. ಹಿಂದಿನ ದಿನವೇ ನಾನು ಕಾರು ತೆಗೆದುಕೊಂಡು ತೊರಗಲ್ಲಿಗೆ ಬರುತ್ತೇನೆ, ನಿಮ್ಮ ಅವ್ವನ ಜೊತೆಗಿನ ಮಾತು ನನಗೆ ಬಿಡು. ಸಭೆ ಮುಗಿಯುವವರೆಗೆ ಶಿವಾನಿ ಬಾಗಿಲ ಹೊರಗೆ ನನ್ನ ತೊಡೆಯ ಮೇಲೆ ಇರುತ್ತಾಳೆ, ಹಸಿದರೆ ಒಳಗೆ ತಂದು ಕೊಡುತ್ತೇನೆ, ಓದಿದವರು ಸ್ವಲ್ಪ ಹೊತ್ತು ಕಾಯಲಿ. ನಿನಗೆ ಮನಸ್ಸಿಲ್ಲದಿದ್ದರೆ ನಿಂಗರಾಜನ ಕೈಯಲ್ಲಿ ಒಂದು ಮಾತು ಹೇಳಿ ಕಳಿಸು, ನಾನೇ ಅವರಿಗೆ ಇಲ್ಲ ಎನ್ನುತ್ತೇನೆ. ನಿನ್ನನ್ನು ಕೇಳದೆ ಒಪ್ಪಿಕೊಂಡದ್ದಕ್ಕೆ ಬೈಯಬೇಕೆನಿಸಿದರೆ ಮಾತ್ರ ಅದನ್ನು ಅವನ ಕೈಯಲ್ಲಿ ಕಳಿಸಬೇಡ. ತೊರಗಲ್ಲಿನಿಂದ ಧಾರವಾಡಕ್ಕೆ ದಾರಿ ಉದ್ದ ಇದೆ, ಕಾರಿನಲ್ಲಿ ನನ್ನ ಪಕ್ಕ ಕುಳಿತು ಬೈ.